ಗಂಟಿಲ್ಲದ ನಿಲುವಂಗಿ

ಸಾಕಮ್ಮ ಕೋಂ ಲೇಟ್ ಸಣ್ಣಬೀರಯ್ಯ, 47 ವರ್ಷ, ವ್ಯವಸಾಯ ಮತ್ತು ಕೈಕಸೂತಿ ಕೆಲಸ, ವಾಸ ಹ್ಯಾಂಡ್‌ಪೋಸ್ಟ್, ಹೆಚ್.ಡಿ. ಕೋಟೆ ತಾಲ್ಲೂಕು, ಆದ ನಾನು ದಿನಾಂಕ 12-11-1999ರಂದು ಬೆಳಿಗ್ಗೆ 11-15ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಕಾನ್ವೆಂಟಿನ ಸಿಸ್ಟರ್ ಬ್ರಿಜಿತಾರವರಲ್ಲಿ ಕಸೂತಿ ಕಲಿತು, ಫಾದರ್‌ಗಳು ಪೂಜೆಗೆ ತೊಡುವ ನಿಲುವಂಗಿಗಳನ್ನು ಹದಿನೆಂಟು ವರ್ಷದಿಂದ ಹೊಲಿಯುತ್ತಿರುತ್ತೇನೆ. ನಮ್ಮ ಮನೆದೇವರು ಬೇರೆ. ಆದರೂ ಬಿಳಿ ಹಬ್ಬಕ್ಕೆ, ನೇರಳೆ ಉಪವಾಸಕ್ಕೆ, ಕೆಂಪು ಧರ್ಮಕ್ಕಾಗಿ ರಕ್ತ ಸುರಿಸಿದವರ ದಿನಕ್ಕೆ ಎಂದು ಬಲ್ಲೆ. ಆ ನಿಲುವಂಗಿ ಯೇಸುಸ್ವಾಮಿಯ ನೊಗ, ಹೆಗಲಿಗೆ ಹಗುರ ಇರಬೇಕು ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ನೊಗದಲ್ಲಿ ಗಂಟಿದ್ದರೆ ಎತ್ತಿನ ಹೆಗಲು ಏನಾಗುತ್ತದೆಂದು ಒಕ್ಕಲು ಮಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ನಾನು ದಾರಕ್ಕೆ ಗಂಟು ಹಾಕುವುದಿಲ್ಲ. ತುದಿಯನ್ನು ಹೊಲಿಗೆಯ ಅಡಿಯಲ್ಲೇ ಹಾಯಿಸಿ ಮುಗಿಸುತ್ತೇನೆ.

ಹೊಸ ಚರ್ಚಿನ ಪ್ರವೇಶ ಇದೇ ಭಾನುವಾರ ಬೆಳಿಗ್ಗೆ 9-00ಕ್ಕೆ ಇರುತ್ತದೆ. ಅದಕ್ಕೆಂದು ಐದು ತಿಂಗಳು ಕೂತು ಬಿಳಿ ನಿಲುವಂಗಿ ಹೊಲಿದೆ. ಮುಂದೆ ಬಾವುಟ ಹಿಡಿದ ಕುರಿಮರಿ, ಬೆನ್ನಿಗೆ ಶಿಲುಬೆ ಮತ್ತು ಐದು ತೆನೆ. ಯೇಸುಸ್ವಾಮಿ ರೊಟ್ಟಿಯಾದರು ಎಂಬ ಗುರುತಿಗೆ ಗೋಧಿ ತೆನೆ ಹಾಕುವುದು ವಾಡಿಕೆ. ನಾನು ಗೋಧಿ ಬೆಳೆ ಕಂಡವಳಲ್ಲ, ಕಾಣದ್ದನ್ನು ಹೊಲಿಯುವವಳೂ ಅಲ್ಲ. ನಮ್ಮ ಹೊಲದ ರಾಗಿ ತೆನೆ ಹಾಕಿದೆ. ಆಗಿದ್ದ ಫಾದರ್ ನೋಡಿ, ಇಲ್ಲಿನ ಜನರ ಅನ್ನ ಇದೇ, ಇರಲಿ ಎಂದಿದ್ದರು. ಅವರಿಗೆ ಕಳೆದ ತಿಂಗಳು ವರ್ಗವಾಯಿತು. ಸಿಸ್ಟರ್ ಹೋದ ವರ್ಷವೇ ತೀರಿಕೊಂಡರು.

ದಿನಾಂಕ 8-11-1999ರಂದು ಸಂಜೆ 4-00ಕ್ಕೆ, ಒಳಗೆ ಲೈನಿಂಗ್ ಕೂರಿಸಲು ಮಾತ್ರ, ಅದನ್ನು ಟೈಲರ್ ಚಲುವರಾಜುವಿಗೆ ಕೊಟ್ಟೆ. ಕೊಟ್ಟದ್ದು ನನ್ನ ತಪ್ಪೇ. ಆತನ ಅಂಗಡಿಯ ಬೋರ್ಡು ಆಳುದ್ದ, ಕೆಲಸ ಗೇಣುದ್ದ.

ನಿನ್ನೆ ಬೆಳಿಗ್ಗೆ 10-30ಕ್ಕೆ ಹೋದಾಗ ಅಂಗಡಿ ಮುಚ್ಚಿತ್ತು. ಅಲ್ಲಿಂದ 600 ಮೀಟರ್ ದೂರದ ಚರ್ಚಿಗೆ ನಡೆದೆ. ಈ ಮಹಾನುಭಾವ ನನ್ನ ನಿಲುವಂಗಿಯನ್ನು ತನ್ನ ಕೈಕೆಲಸವೆಂದು ಹೊಸ ಫಾದರ್‌ಗೆ ಒಪ್ಪಿಸುತ್ತಾ ನಿಂತಿದ್ದ. ಕುತ್ತಿಗೆಯ ಒಳಗೆ ಅವನ ಅಂಗಡಿಯ ಲೇಬಲ್ ಇತ್ತು. ನಡುವಿನ ರಾಗಿ ತೆನೆಯನ್ನು ಬ್ಲೇಡಿನಿಂದ ಕಿತ್ತು, ಬಿಸ್ಕತ್ತಿನ ಪೊಟ್ಟಣ ನೋಡಿಕೊಂಡು ಗೋಧಿ ತೆನೆ ಹೊಲಿದಿದ್ದ. ಕುರಿಮರಿಗೆ ಬಾವುಟ ಯಾಕೆ ಎಂದು ಫಾದರ್ ಕೇಳಿದ್ದಕ್ಕೆ, ಆಗಸ್ಟ್ ಹದಿನೈದಕ್ಕೆ ಸ್ವಾಮಿ ಎಂದ. ಥೂ! ಆ ಕುರಿಮರಿ ಯೇಸುಸ್ವಾಮಿ, ಅದು ಸಾವನ್ನು ಗೆದ್ದ ಬಾವುಟ. ನಾನು ಎದುರು ನಿಂತು ಕೇಳಿದಾಗ, ನೀನು ಗುಂಡಿ ಹಾಕಿದ್ದಷ್ಟೇ ಕಣಮ್ಮೋ, ಓಗು ಓಗು ಎಂದ. ಆ ನಿಲುವಂಗಿಗೆ ಗುಂಡಿಯೇ ಇರುವುದಿಲ್ಲ ಸಾರ್! ಅಲ್ಲೇ ಇದ್ದ ಚರ್ಚ್ ಕಮಿಟಿಯ ಮಾದೇಶರವರು, ಸಾಕ್ಷಿ ಇಲ್ಲದಿದ್ದರೆ ಇನ್ನು ಮುಂದೆ ಚರ್ಚಿನ ಹೊಲಿಗೆಯೆಲ್ಲ ಚಲುವರಾಜುವಿಗೇ ಎಂದು ತಿಳಿಸಿದರು. ಹದಿನೆಂಟು ವರ್ಷದ ಕೆಲಸ ಅರ್ಧ ನಿಮಿಷದಲ್ಲಿ ಹೋಯಿತು.

ಈ ದಿನ ತಾವು ಚಲುವರಾಜು, ಫಾದರ್ ಮತ್ತು ಮಾದೇಶರವರನ್ನು ನಿಲುವಂಗಿ ಸಮೇತ ಠಾಣೆಗೆ ಕರೆಸಿ, ನನಗೂ ಚಲುವರಾಜುವಿಗೂ ಸೂಜಿ ದಾರ ಕೊಟ್ಟು ನಾಲ್ಕು ಹೊಲಿಗೆ ಹಾಕಲು ಹೇಳಿದಿರಿ. ಚಲುವರಾಜು ದಾರ ಪೋಣಿಸಿ ಮೊದಲು ಮಾಡಿದ ಕೆಲಸ ತುದಿಗೆ ಗಂಟು ಹಾಕಿದ್ದು. ನನಗೆ ನಗು ತಡೆಯಲಾಗಲಿಲ್ಲ. ನಂತರ ಫಾದರ್ ಮತ್ತು ಮಾದೇಶರವರ ಎದುರಿನಲ್ಲಿ ಲೈನಿಂಗ್ ಬಿಚ್ಚಿಸಿದಿರಿ. ಕುರಿಮರಿ, ಶಿಲುಬೆ, ನಾಲ್ಕು ತೆನೆ, ಯಾವುದರ ಹಿಂದೆಯೂ ಒಂದು ಗಂಟಿಲ್ಲ. ಗೋಧಿ ತೆನೆಯ ಹಿಂದೆ ಏಳು ಗಂಟು, ಒಂದೊಂದೂ ಅವರೆಕಾಳಿನಷ್ಟು. ಗಂಟಿಲ್ದೆ ಯಾರಾದ್ರೂ ಒಲೀತಾರಾ ಸಾ ಎಂದು ಆತನೇ ತಮ್ಮನ್ನು ಕೇಳಿದ. ಮಾದೇಶರವರು ತಲೆ ತಗ್ಗಿಸಿದರು.

ಕೇಸು ದಾಖಲಾದರೆ ನಿಲುವಂಗಿ ಕೋರ್ಟಿಗೆ ಹೋಗುತ್ತದೆ, ಭಾನುವಾರಕ್ಕೆ ಸಿಗುವುದಿಲ್ಲ ಎಂದು ತಾವು ತಿಳಿಸಿರುತ್ತೀರಿ. ಇಂಥವನೊಬ್ಬನ ಸಲುವಾಗಿ ಅದನ್ನು ಉಗ್ರಾಣಕ್ಕೆ ಹಾಕಿಸಲಾರೆ. ಕೇಸು ಬೇಡ, ಬಟ್ಟೆ ಕೊಡಿಸಿ. ಏಳು ಗಂಟನ್ನೂ ನಾನೇ ಬಿಚ್ಚಿ, ಬ್ಲೇಡು ತಾಗಿದ ಕಡೆ ಮತ್ತೆ ರಾಗಿ ತೆನೆ ಹಾಕಬೇಕು. ಎರಡು ದಿನ ಸಾಕು.

ತನ್ನ ಲೇಬಲ್ ಕಿತ್ತು ನನ್ನ ಹೆಸರಿನದು ಹಾಕುತ್ತೇನೆಂದು ಚಲುವರಾಜು ಈಗ ಗೋಗರೆಯುತ್ತಿದ್ದಾನೆ. ಬೇಡ. ನೊಗದ ಮೇಲೆ ಬಡಗಿಯ ಹೆಸರು ಇರುವುದಿಲ್ಲ. ಹೊಲಿದವಳು ನಾನು ಎಂದು ಈ ಕಾಗದದಲ್ಲಿ ಒಂದು ಸಲ ಬರೆದುಕೊಳ್ಳಿ, ಸಾಕು.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ಹೆಚ್.ಡಿ. ಕೋಟೆ
ದಿನಾಂಕ: 12-11-1999
(ಸಹಿ) ಸಾಕಮ್ಮ, ಹೊಲಿದವಳು