ಖಾಲಿ ಬಂತು ಎಂದು ನಾನು ಹೇಳಿದ ಗ್ಲಾಸುಗಳು

ನಾನು ಗ್ಲಾಸಕ್ಕ. ಗುರುತಿನ ಚೀಟಿಯಲ್ಲಿ ಬೇರೆ ಹೆಸರಿದ್ದರೂ ಎಲ್ಲರೂ ಕರೆಯುವುದು ಹೀಗೆಯೇ. ವಯಸ್ಸು 53 ವರ್ಷ. ಕೆಲಸ: ಬಿಯರ್ ಮನೆಯಲ್ಲಿ ಗ್ಲಾಸು ತೊಳೆಯುವುದು. ವಾಸ: ಹಳೇ ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಓಣಿ, ಮಹಡಿಯ ಮೇಲೆ ಎರಡನೇ ಮನೆ. ಈ ದಿನ ಬೆಳಿಗ್ಗೆ 10.15ಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ, ದಿನಾಂಕ 09-04-2022ರಂದು ಇದೇ ಠಾಣೆಯಲ್ಲಿ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಮಾತು ಸುಳ್ಳು. ಅದನ್ನು ತಿದ್ದಲು ಬಂದಿದ್ದೇನೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎಂಬುದು ತಿಳಿಯಬೇಕಾದರೆ ಹಿಂದಿನಿಂದ ಹೇಳಬೇಕಾಗುತ್ತದೆ.

ನಾನು ಅಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಎರಡು ತಿಂಗಳಾಗಿದೆ. ಅದು ಬಿಯರನ್ನು ತಾವೇ ತಯಾರಿಸಿ ಅಲ್ಲೇ ಮಾರುವ ಜಾಗ. ಅದನ್ನು ನಡೆಸುತ್ತಿದ್ದವರೇ ಈಗ ತೀರಿಕೊಂಡವರು. ಅವರು ಹಿಂದೆ ಹತ್ತೊಂಬತ್ತು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವರಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಬಿಯರ್ ಕಾಯಿಸುವುದು, ಹುದುಗಿಸುವುದು ಮೇಷ್ಟ್ರ ಕೆಲಸ. ಪ್ರಚಾರ ಮತ್ತು ವ್ಯಾಪಾರ ಅವರ ತಮ್ಮನದು. ನಾನು ತೊಳೆಯುವ ಕೋಣೆಯಿಂದ ಟ್ಯಾಂಕುಗಳಿರುವ ಕೋಣೆಗೆ ಇಪ್ಪತ್ತೆರಡು ಹೆಜ್ಜೆ.

ನನ್ನ ಕೆಲಸದಲ್ಲಿ ಒಂದು ವಿಷಯ ತಿಳಿಯುತ್ತದೆ. ಕುಡಿದವರು ಒಂದೊಂದು ಗುಟುಕು ಕುಡಿದಾಗಲೂ ಗ್ಲಾಸಿನ ಒಳಗೆ ನೊರೆಯ ಒಂದು ಉಂಗುರ ಉಳಿಯುತ್ತದೆ. ಉಂಗುರ ತಳದವರೆಗೆ ಇದ್ದರೆ ಇಷ್ಟಪಟ್ಟು ಕುಡಿದಿದ್ದಾರೆ ಎಂದರ್ಥ. ಎರಡಕ್ಕೇ ನಿಂತು ಮಿಕ್ಕದ್ದು ಹಾಗೇ ಇದ್ದರೆ ಇಷ್ಟವಾಗಿಲ್ಲ. ಬಾಯಲ್ಲಿ ಏನೇ ಹೇಳಿ ಹೋಗಿರಲಿ. ಇದು ಮೇಷ್ಟ್ರಿಗೂ ಗೊತ್ತಿತ್ತು. ದಿನವೂ ಕೆಲಸ ಮುಗಿಯುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತು, “ಏನು ಬಂತು ಗ್ಲಾಸಕ್ಕ?” ಎಂದು ಕೇಳುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಒಮ್ಮೆ ಗೋಧಿಯ ಬಿಯರ್ ಮಾಡಿದ್ದರು. ನಾಲ್ಕು ದಿನ ಅರ್ಧರ್ಧ ವಾಪಸು ಬಂತು ಎಂದೆ. ಐದನೆಯ ದಿನ ಅದನ್ನು ಪಟ್ಟಿಯಿಂದ ತೆಗೆದರು. ಕೋಪ ಮಾಡಿಕೊಳ್ಳಲಿಲ್ಲ. ಊರಿಗೆಲ್ಲ ನಾಲಿಗೆ ಇದೆ, ನಿಮಗೆ ಕಣ್ಣಿದೆ ಎಂದಿದ್ದರು. ನೀರಿನಲ್ಲೇ ಇದ್ದು ನನ್ನ ಬೆರಳ ಚರ್ಮ ಸುಲಿಯುತ್ತಿದ್ದುದನ್ನು ನೋಡಿ, ಕೇಳದೆಯೇ ಕೈಗವಸು ತಂದುಕೊಟ್ಟವರೂ ಅವರೇ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಮೇಷ್ಟ್ರು ಒಂದು ಕಪ್ಪು ಬಿಯರ್ ಕಾಯಿಸಿ ಆರು ಮರದ ಪೀಪಾಯಿಗಳಲ್ಲಿ ತುಂಬಿ ಇಟ್ಟರು. ಹನ್ನೊಂದು ತಿಂಗಳು ಹಾಗೇ ಇರಬೇಕು ಎಂದರು. ನಾಲ್ಕನೆಯ ತಿಂಗಳಿಗೆ ಮೇಷ್ಟ್ರ ತಮ್ಮ ಒಬ್ಬ ಬಿಯರ್ ವಿಮರ್ಶಕರನ್ನು ಕರೆತಂದು ಪೀಪಾಯಿಯಿಂದ ಒಂದು ಚಮಚದಷ್ಟು ಕುಡಿಸಿದರು. ಇಂಥದ್ದನ್ನು ತಾನು ಜನ್ಮದಲ್ಲಿ ಕುಡಿದಿಲ್ಲ ಎಂದು ಅವರು ಬರೆದರು. ಅಲ್ಲಿಂದ ತಮ್ಮನನ್ನು ಹಿಡಿಯುವವರಿಲ್ಲ. ಬೀದಿಯ ಎರಡೂ ತುದಿಗೆ ದೊಡ್ಡ ಚಿತ್ರ ಹಾಕಿಸಿದರು. ದಿನಕ್ಕೊಂದು ವಿಡಿಯೊ ಮಾಡಿ ಬಿಟ್ಟರು. ಇದನ್ನು ಕುಡಿದವರು ಇನ್ನೊಂದನ್ನು ಮುಟ್ಟುವುದಿಲ್ಲ ಎಂದು ಬರೆಸಿದರು. ಮೇಷ್ಟ್ರು ಅವರಿಗೆ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಬೇಡ ಕಣೋ” ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಕುಲಾವಿ ಈಗಾಗಲೇ ಮಾರಾಟವಾಗಿದೆ ಎಂದು ತಮ್ಮ ನಕ್ಕರು. ಮೇಷ್ಟ್ರೂ ನಕ್ಕರು.

ದಿನಾಂಕ 12-03-2022, ಶನಿವಾರ, ಮಧ್ಯಾಹ್ನ 12 ಗಂಟೆಗೆ ಪೀಪಾಯಿ ತೆರೆಯುವುದಿತ್ತು. ಬೆಳಿಗ್ಗೆ 9.30ಕ್ಕೇ ಜನ ಸಾಲು ನಿಂತಿದ್ದರು. ಸಾಲು ಮೂಲೆಯ ಔಷಧಿ ಅಂಗಡಿಯನ್ನು ದಾಟಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರ ಹೆಂಡತಿಯೂ ಬಂದಿದ್ದರು. ಅವರು ಸಾಧಾರಣವಾಗಿ ಅಲ್ಲಿಗೆ ಬರುವವರಲ್ಲ.

12.20ಕ್ಕೆ ಮೊದಲ ತಟ್ಟೆ ನನ್ನಲ್ಲಿಗೆ ಬಂತು. ಹನ್ನೆರಡು ಗ್ಲಾಸು. ಒಂಬತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಎರಡನೆಯ ತಟ್ಟೆಯಲ್ಲಿ ಹತ್ತು. ನಾನು ಕಿಂಡಿಯಿಂದ ನೋಡಿದೆ. ಜನ ಗ್ಲಾಸಿನ ಫೋಟೊ ತೆಗೆಯುತ್ತಿದ್ದರು, ಎರಡು ಗುಟುಕು ಕುಡಿಯುತ್ತಿದ್ದರು, ಪಕ್ಕದವರ ಮುಖ ನೋಡುತ್ತಿದ್ದರು, ಆಮೇಲೆ ಮೇಷ್ಟ್ರ ಕೈಕುಲುಕಿ ಅದ್ಭುತ ಎನ್ನುತ್ತಿದ್ದರು. ಎರಡೂವರೆ ಗಂಟೆ ಬಿಸಿಲಲ್ಲಿ ನಿಂತು ಬಂದವರು ಇನ್ನೇನು ಹೇಳುತ್ತಾರೆ. ದಿನವೂ ಸಂಜೆ ಬರುತ್ತಿದ್ದ ನಿವೃತ್ತ ಅಂಚೆಯವರು ಒಬ್ಬರೇ, ಕೈ ತೊಳೆಯಲು ಹಿಂದಕ್ಕೆ ಬಂದವರು ನನ್ನ ಹತ್ತಿರ ತಗ್ಗಿದ ದನಿಯಲ್ಲಿ, “ಇದು ಬಿಯರೋ ಕೆಮ್ಮಿನ ಔಷಧಿಯೋ ಗ್ಲಾಸಕ್ಕ? ನಂಗೆ ನನ್ನ ಹಳೇ ಬಿಯರೇ ಸಾಕು” ಎಂದರು.

12.50ಕ್ಕೆ ಮೇಷ್ಟ್ರು ಬಾಗಿಲಿಗೆ ಬಂದರು. ಸಂಜೆಯವರೆಗೆ ತಡೆಯಲು ಆಗಿರಲಿಲ್ಲ. ಅವರ ಹಿಂದೆ ಹೆಂಡತಿ ನಿಂತಿದ್ದರು. ಆ ಹೊತ್ತಿಗೆ ನಾನು ತಟ್ಟೆಯಲ್ಲಿದ್ದುದನ್ನೆಲ್ಲ ಮೋರಿಗೆ ಸುರಿದಾಗಿತ್ತು. ಏನು ಬಂತು ಎಂದು ಕೇಳಿದರು. ಅವರ ಕತ್ತಿನ ನರ ಬಡಿದುಕೊಳ್ಳುತ್ತಿದ್ದುದು ಕಾಣುತ್ತಿತ್ತು. “ಖಾಲಿ ಬರ್ತಿದೆ ಮೇಷ್ಟ್ರೇ” ಎಂದೆ. ಅವರು ನನ್ನ ಒದ್ದೆ ಕೈಯನ್ನು ಗವಸಿನ ಮೇಲಿಂದಲೇ ಹಿಡಿದುಕೊಂಡರು. ಬಿಳಿ ಅಂಗಿಯ ತೋಳು ಒದ್ದೆಯಾಯಿತು. ಒಂದು ದಿನದ ಮಟ್ಟಿಗೆ ಎಂದುಕೊಂಡು ಹೇಳಿದ ಮಾತು ಅದು. ನಾಳೆ ನಿಜ ಹೇಳಿದರಾಯಿತು ಎಂದುಕೊಂಡಿದ್ದೆ.

ಮರುದಿನ ಭಾನುವಾರ. ನಾನು ಹೋಗುವ ಹೊತ್ತಿಗೆ ಮೇಷ್ಟ್ರು ದಿನವೂ ಮಾರುತ್ತಿದ್ದ ತಿಳಿ ಬಿಯರನ್ನು ನಿಲ್ಲಿಸಲು ನಿರ್ಧರಿಸಿದ್ದರು. ಇನ್ನು ಮೇಲೆ ಮೂರೂ ಟ್ಯಾಂಕಿಗೆ ಕಪ್ಪು ಬಿಯರೇ ಎಂದರು. ಮುಂದಿನ ಹನ್ನೊಂದು ತಿಂಗಳಿಗೆ ನಲವತ್ತು ಪೀಪಾಯಿ ಬೇಕು ಎಂದು ಲೆಕ್ಕ ಹಾಕುತ್ತಿದ್ದರು. ನಾನು ಬಾಯಿ ತೆರೆದೆ. ಆಗ ಅವರು ನನ್ನನ್ನು ತೋರಿಸಿ ತಮ್ಮನಿಗೆ, ನಿನ್ನ ವಿಡಿಯೊ ಎಲ್ಲ ಆಮೇಲೆ, ನನಗೆ ಧೈರ್ಯ ಬಂದದ್ದು ಇವರ ಮಾತಿನಿಂದ ಎಂದರು. ನಾನು ಬಾಯಿ ಮುಚ್ಚಿದೆ.

ಅಂದಿನಿಂದ ದಿನಾಂಕ 08-04-2022ರವರೆಗೆ, ಅಂದರೆ ಇಪ್ಪತ್ತೇಳು ದಿನ, ನಾನು ದಿನವೂ ಉಳಿದ ಬಿಯರನ್ನು ಅವರು ಬರುವ ಮುಂಚೆ ಸುರಿದುಬಿಡುತ್ತಿದ್ದೆ. ದಿನವೂ ಕೇಳುತ್ತಿದ್ದರು, ದಿನವೂ ಖಾಲಿ ಎನ್ನುತ್ತಿದ್ದೆ. ಜನ ಕಡಿಮೆಯಾದರು. ಅಂಚೆಯವರು ಬರುವುದನ್ನು ಬಿಟ್ಟರು. 24-03-2022ರಂದು ಅದೇ ವಿಮರ್ಶಕರು ಬಂದು ಒಂದು ಪೂರ್ತಿ ಗ್ಲಾಸು ಕುಡಿದು ಹೋಗಿ, ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ಚಮಚದಲ್ಲಿ ಚೆನ್ನಾಗಿದ್ದದ್ದು ಗ್ಲಾಸಿನಲ್ಲಿ ನಾಲಿಗೆಗೆ ಭಾರ ಎಂದು ಬರೆದರು. ಅದನ್ನು ಓದಿ ಅದ್ಭುತ ಎಂದವರೆಲ್ಲ ತಮಗೂ ಹಾಗೇ ಅನ್ನಿಸಿತ್ತು ಎಂದು ಬರೆಯತೊಡಗಿದರು. ಮೇಷ್ಟ್ರ ತಮ್ಮ ಫೋನು ತೆಗೆಯುವುದನ್ನೇ ಬಿಟ್ಟರು. ಮೇಷ್ಟ್ರು ಮಾತ್ರ ಬಂದವರೆಲ್ಲರಿಗೂ, ಬರೆಯುವವರು ಬರೆಯಲಿ, ನಮ್ಮ ಗ್ಲಾಸಕ್ಕನನ್ನು ಕೇಳಿ, ಗ್ಲಾಸು ಖಾಲಿ ಬರುತ್ತಿದೆ ಎಂದು ಹೇಳುತ್ತಿದ್ದರು. ಕೆಲವರು ಕಿಂಡಿಯಲ್ಲಿ ಬಗ್ಗಿ ನನ್ನನ್ನು ನೋಡಿದ್ದೂ ಉಂಟು.

ಈ ನಡುವೆ 30-03-2022ರಂದು ಟ್ಯಾಂಕಿನ ಕೋಣೆಯ ದೊಡ್ಡ ಫ್ಯಾನ್ ಕೆಟ್ಟಿದ್ದರಿಂದ ಎಲೆಕ್ಟ್ರಿಷಿಯನ್ ಬಂದು ರಿಪೇರಿ ಮಾಡಿದರು. ನನ್ನ ಎದುರಿಗೇ ಅರ್ಧ ಗಂಟೆ ಓಡಿಸಿ ತೋರಿಸಿ, ಮೂಲೆಯಲ್ಲಿಟ್ಟು, ಪ್ಲಾಸ್ಟಿಕ್ ಹೊದಿಸಿ ದಾರ ಕಟ್ಟಿ, ನೀರು ಬೀಳದ ಹಾಗೆ ನೋಡಿಕೊಳ್ಳಿ ಎಂದು ನನಗೆ ಹೇಳಿ ಹೋದರು. ಈ ಫ್ಯಾನ್ ಯಾತಕ್ಕೆಂದರೆ, ಬಿಯರ್ ಹುದುಗುವಾಗ ಬರುವ ಗ್ಯಾಸು ಟ್ಯಾಂಕು ಖಾಲಿ ಮಾಡಿದರೂ ಒಳಗೇ ನಿಂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಸಿರು ಕಟ್ಟಿಸುತ್ತದೆ. ಫ್ಯಾನ್ ಹಾಕಿ ಒಂದು ಗಂಟೆ ಬಿಟ್ಟು, ಹೊರಗೆ ಒಬ್ಬರು ನಿಂತ ಮೇಲೆಯೇ ಒಳಗೆ ಇಳಿದು ತೊಳೆಯಬೇಕು. ಒಳಗೆ ಯಾರಾದರೂ ಬಿದ್ದರೆ ಇನ್ನೊಬ್ಬರು ಇಳಿಯಬಾರದು. ಇದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದವರು ಮೇಷ್ಟ್ರೇ.

08-04-2022, ಶುಕ್ರವಾರ, ಸಂಜೆ 4.10ಕ್ಕೆ ಬಿಸಿನೀರು ನಿಂತಿತೆಂದು ನೋಡಲು ಮೇಷ್ಟ್ರು ಹೊತ್ತಿಗೆ ಮುಂಚೆ ನನ್ನ ಕೋಣೆಗೆ ಬಂದರು. ನಾನು ಸುರಿಯುತ್ತಿದ್ದೆ. ಬಕೆಟ್ಟಿನಲ್ಲಿ ಮುಕ್ಕಾಲು ಭಾಗ ಕಪ್ಪು ಬಿಯರ್ ಇತ್ತು. ತಟ್ಟೆಯಲ್ಲಿ ಇನ್ನೂ ಏಳು ಗ್ಲಾಸು ಬಾಕಿ ಇದ್ದವು. ಅವರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಏಳೂ ನೋಡಿದರು. ಯಾವತ್ತಿನಿಂದ ಎಂದು ಕೇಳಿದರು. ಮೊದಲ ದಿನದಿಂದ ಎಂದೆ. ಆಮೇಲೆ ಯಾರೋ ಬಿಟ್ಟು ಹೋದ ಒಂದು ಗ್ಲಾಸನ್ನು ಎತ್ತಿ ತಾವೇ ಕುಡಿದರು. ಗ್ಲಾಸು ಕೆಳಗಿಟ್ಟು ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಬರೆಸುತ್ತೇನೆ. “ಮೊದಲ್ನೇ ದಿನಾನೇ ನಂಗೂ ಹೀಗೇ ಅನ್ಸಿತ್ತು ಗ್ಲಾಸಕ್ಕ. ನೀವು ಖಾಲಿ ಅಂದ್ರಲ್ಲ, ನನ್ನ ನಾಲಿಗೇನೇ ಸರಿ ಇಲ್ಲ ಅಂದ್ಕೊಂಡೆ.”

ಬೈಯಲಿಲ್ಲ. ಬಿಸಿನೀರಿನ ಯಂತ್ರ ಸರಿಮಾಡಿ 4.35ಕ್ಕೆ ಹೋದರು.

09-04-2022, ಶನಿವಾರ, ಬೆಳಿಗ್ಗೆ 9 ಗಂಟೆಗೆ ನಾನು ಎಂದಿನಂತೆ ಹೋದೆ. ಹಿಂಬಾಗಿಲು ತೆರೆದಿತ್ತು. ಅಂಗಳದ ಚರಂಡಿಯ ತುಂಬ ಕಪ್ಪು ನೊರೆ ಇತ್ತು; ಟ್ಯಾಂಕಿನಲ್ಲಿ ಹುದುಗುತ್ತಿದ್ದ ಕಪ್ಪು ಬಿಯರನ್ನು ಹರಿಯಬಿಟ್ಟಿದ್ದರು. ಟ್ಯಾಂಕಿನ ಕೋಣೆಗೆ ಹೋದಾಗ 9.05. ಮೂರನೆಯ ಟ್ಯಾಂಕಿನ ಬಾಗಿಲು ತೆರೆದಿತ್ತು. ಅದು ಒಬ್ಬರು ನುಸುಳುವಷ್ಟು ದೊಡ್ಡದು. ಕನ್ನಡಕ ಸ್ಟೂಲಿನ ಮೇಲಿತ್ತು. ಮೇಷ್ಟ್ರು ಒಳಗೆ ಮಗ್ಗುಲಾಗಿ ಬಿದ್ದಿದ್ದರು. ಉಜ್ಜುವ ಬ್ರಷ್ಷು ಪಕ್ಕದಲ್ಲಿತ್ತು. ಕೂಗಿದೆ. ಮಾತಿಲ್ಲ.

ಆಗ ಫ್ಯಾನ್ ಓಡುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಇಟ್ಟ ಮೂಲೆಯಲ್ಲೇ ಇತ್ತು. ಪ್ಲಾಸ್ಟಿಕ್ ಹೊದಿಕೆಯನ್ನು ಕಟ್ಟಿದ್ದ ದಾರದ ಗಂಟು ಬಿಚ್ಚಿರಲಿಲ್ಲ. ಆ ಗಂಟನ್ನು ಹರಿದು, ಫ್ಯಾನನ್ನು ನಾಲ್ಕು ಹೆಜ್ಜೆ ಎಳೆದು ತಂದು, ಟ್ಯಾಂಕಿನ ಬಾಯಿಗೆ ಇಟ್ಟು, ಸ್ವಿಚ್ಚು ಹಾಕಿದವಳು ನಾನು. ಹಾಕಿದ ಕೂಡಲೇ ಓಡಿತು. ಒಳಗೆ ಇಳಿಯಬಾರದು ಎಂದು ಅವರೇ ಹೇಳಿದ್ದರಿಂದ ಹೊರಗೆ ಮಂಡಿಯೂರಿ ಉಸಿರು ಬಿಗಿಹಿಡಿದು ಕೈ ಚಾಚಿದೆ. ಬಲಗಾಲು ಸಿಕ್ಕಿತು. ಎಳೆದೆ. ಬರಲಿಲ್ಲ. ಮೂರು ಸಲ ಎಳೆದೆ. 9.16ಕ್ಕೆ ತಮ್ಮ ಬಂದರು. ಅವರು ಬಂದಾಗ ಫ್ಯಾನ್ ಓಡುತ್ತಿತ್ತು. 9.40ಕ್ಕೆ ಅಗ್ನಿಶಾಮಕದವರು ಬಂದು ಹೊರಗೆ ತೆಗೆದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ 11.40ಕ್ಕೆ ಮೇಷ್ಟ್ರ ಹೆಂಡತಿ ನನ್ನ ಹತ್ತಿರ ಬಂದು ಕುಳಿತರು. ಅಳುತ್ತಿರಲಿಲ್ಲ. “ಫ್ಯಾನ್ ಓಡ್ತಿತ್ತಂತೆ. ಮೈದುನ ಹೇಳಿದ್ರು. ಓಡ್ತಿತ್ತು ತಾನೇ ಅಕ್ಕ?” ಎಂದು ಕೇಳಿದರು. ಫ್ಯಾನ್ ಓಡುತ್ತಿತ್ತೆಂದರೆ ಅವರು ಎಲ್ಲ ಸರಿಯಾಗಿ ಮಾಡಿಯೇ ಇಳಿದರು ಎಂದಾಗುತ್ತದೆ. ಬೇರೆ ಊರಿನಲ್ಲಿದ್ದ ಮಗಳಿಗೆ ಫೋನು ಮಾಡಬೇಕಿತ್ತು, ಏನು ಹೇಳುವುದೆಂದು ಆಕೆಗೆ ತಿಳಿಯುತ್ತಿರಲಿಲ್ಲ. ಹೌದಮ್ಮ, ಓಡುತ್ತಿತ್ತು ಎಂದೆ. ಮಧ್ಯಾಹ್ನ 2 ಗಂಟೆಗೆ ಇಲ್ಲಿಯೂ ಅದನ್ನೇ ಬರೆಸಿದೆ.

10-04-2022ರಂದು ಮೇಷ್ಟ್ರ ತಮ್ಮ ಈ ಠಾಣೆಗೆ ದೂರು ಕೊಟ್ಟರು. ಫ್ಯಾನ್ ಓಡುತ್ತಿದ್ದರೂ ಗ್ಯಾಸು ಹೋಗಿಲ್ಲವೆಂದರೆ ರಿಪೇರಿ ಸರಿಯಾಗಿಲ್ಲ, ಅದರಿಂದಲೇ ಅಣ್ಣ ಸತ್ತರು ಎಂದು ದೂರು. ನಿನ್ನೆ ಬೆಳಿಗ್ಗೆ ಪೊಲೀಸರು ಎಲೆಕ್ಟ್ರಿಷಿಯನ್ನರನ್ನು ಠಾಣೆಗೆ ಕರೆತಂದು ಕೂರಿಸಿದ್ದಾರೆ. ಸಂಜೆ 6ಕ್ಕೆ ಅವರ ಅಮ್ಮ ನನ್ನ ಮನೆಗೆ ಬಂದು, ನೀವು ಅಲ್ಲೇ ಇದ್ದವರಲ್ಲವೇ, ನನ್ನ ಮಗ ಕೆಲಸ ಕೆಡಿಸುವವನೇ ಹೇಳಿ ಎಂದು ಕೇಳಿದರು. 

ಈ ದಿನ ಬೆಳಿಗ್ಗೆ 8.30ಕ್ಕೆ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಅಡುಗೆಮನೆಯಲ್ಲಿದ್ದರು. ಫ್ಯಾನ್ ಓಡುತ್ತಿರಲಿಲ್ಲ, ಹಾಕಿದವಳು ನಾನು, ಠಾಣೆಗೆ ಹೋಗುತ್ತಿದ್ದೇನೆ ಎಂದು ಹೇಳಿದೆ. ಅವರು ಒಲೆ ಆರಿಸಿದರು. “ಇನ್ನೆರಡು ದಿನ ತಡೀರಿ ಅಕ್ಕ. ಮಗಳು ಹೊರಟುಹೋಗ್ಲಿ” ಎಂದರು. ಎಲೆಕ್ಟ್ರಿಷಿಯನ್ ಠಾಣೆಯಲ್ಲಿ ಕೂತಿದ್ದಾರಮ್ಮ, ಅವರಿಗೂ ತಾಯಿ ಇದ್ದಾರೆ ಎಂದೆ. ಯಾಕೆ ಹೇಳಿದಿರಿ ಎಂದು ಕೇಳಿದರು. ಅಂದು ಓಡುತ್ತಿತ್ತು ಎಂದದ್ದಕ್ಕೋ, ಇಂದು ಓಡುತ್ತಿರಲಿಲ್ಲ ಎಂದದ್ದಕ್ಕೋ ನನಗೆ ತಿಳಿಯಲಿಲ್ಲ. ತಿರುಗಿ ನೋಡಿದಾಗ ಮಗಳು ಒಳಬಾಗಿಲಲ್ಲಿ ನಿಂತಿದ್ದಳು. ತಲೆಗೆ ಟವೆಲ್ ಸುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಬಂದು ಅಮ್ಮನ ಪಕ್ಕ ನೆಲದ ಮೇಲೆ ಕುಳಿತಳು. ನಾನು ಹೊರಟೆ.

ಮೇಷ್ಟ್ರು ಮರೆತು ಇಳಿದರೋ ತಿಳಿದೇ ಇಳಿದರೋ ಎಂದು ಇನ್ಸ್‌ಪೆಕ್ಟರ್ ಸಾಹೇಬರು ನನ್ನನ್ನು ಮೂರು ಸಲ ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಹಿಂದಿನ ರಾತ್ರಿ ನಿದ್ದೆ ಮಾಡಿರದಿದ್ದರೆ ಮರೆತಿರಲೂಬಹುದು. ಗೊತ್ತಿಲ್ಲದ್ದನ್ನು ಗೊತ್ತು ಎಂದು ಇನ್ನು ಯಾರ ಸಮಾಧಾನಕ್ಕೂ ಹೇಳಲಾರೆ.

ನಾನು ಹೇಳಿದ ಸುಳ್ಳಿಗೆ ಯಾವ ಕಲಂ ಎಂದು ಕೇಳಿದೆ. ಫ್ಯಾನಿನ ವಿಷಯದಲ್ಲಿ ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಕಲಂ ಇದೆ, ನೋಡುತ್ತೇವೆ ಎಂದು ಸಾಹೇಬರು ತಿಳಿಸಿದರು. ಗ್ಲಾಸಿನ ವಿಷಯಕ್ಕೆ ಎಂದು ಕೇಳಿದೆ. ಅದಕ್ಕೆ ಯಾವ ಕಲಮೂ ಇಲ್ಲ, ಅದು ಕೇಸಿಗೆ ಬೇಡ, ಬಿಡಿ ಎಂದರು. ಬೇಡವಾದರೂ ಬರೆಯಿರಿ ಎಂದು ಕೇಳಿಕೊಂಡಿದ್ದರಿಂದ ಬರೆದುಕೊಂಡಿದ್ದಾರೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ. ಯಾರ ಒತ್ತಾಯವೂ ಇಲ್ಲ. ಈ ಸಲ ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12-04-2022, ಮಧ್ಯಾಹ್ನ 12.40
ಸಹಿ: ಗ್ಲಾಸಕ್ಕ