ಬಾಗಿಲು ಮುಚ್ಚಿ ಕರಿದ ರೊಟ್ಟಿ

ನರಿನ್ ಊರಿನಲ್ಲಿ ನಮ್ಮ ಬೀದಿ ನದಿಯ ಕಡೆಗೆ ಇಳಿಯುತ್ತದೆ. ಬೀದಿಯ ಕೊನೆಗೆ ಒಂದು ಕಬ್ಬಿಣದ ಮೋಟು. ಹಿಂದೆ ಅದು ಕೊಳಾಯಿ, ಹ್ಯಾಂಡಲ್ ಒತ್ತಿದರೆ ನೀರು ಬರುತ್ತಿತ್ತು. ಮನೆಮನೆಗೆ ನಲ್ಲಿ ಬಂದ ಮೇಲೆ ಹ್ಯಾಂಡಲನ್ನು ಯಾರೋ ಬಿಚ್ಚಿಕೊಂಡು ಹೋದರು, ನೆಲದಡಿಯ ಕೊಳವೆಯನ್ನು ಪುರಸಭೆಯವರು ಮುಚ್ಚಿದರು. ಇದಿಷ್ಟು ನೆನಪಿಟ್ಟುಕೊಳ್ಳಿ.

ಜನವರಿಯ ಒಂದು ರಾತ್ರಿ. ಗೆಳತಿಯ ಮನೆಯಲ್ಲಿ ಕುರಿಮಾಂಸ ಜಾಸ್ತಿಯೇ ತಿಂದು, ಹನ್ನೊಂದೂವರೆಗೆ ಆ ಮೋಟು ದಾಟಿ ಬರುತ್ತಿದ್ದೆ. ಉಸಿರು ಬಿಟ್ಟರೆ ರೆಪ್ಪೆಗೂದಲು ಅಂಟಿಕೊಳ್ಳುವ ಚಳಿ. ಹತ್ತು ಹೆಜ್ಜೆ ಮುಂದೆ ಹೋಗಿದ್ದೆನೇನೋ... ಹಿಂದಿನಿಂದ ಕೇಳಿಸಿತು.

ಕೀಂ...ಯ್ಕ್.

ಹ್ಯಾಂಡಲ್ ಒತ್ತಿದ ಸದ್ದು. ಆಮೇಲೆ ಖಾಲಿ ತಗಡಿನ ಬಕೆಟ್‌ಗೆ ನೀರು ಬಿದ್ದ ಸದ್ದು. ಮೊದಲು ಟಣಟಣ, ತುಂಬುತ್ತಾ ತುಂಬುತ್ತಾ ಗುಳುಗುಳು.

ನಾನು ಬೇಕಾದಷ್ಟು ಊರು ನೋಡಿದವಳು. ದೆವ್ವ ಇದೆ ಎಂದು ಬಾಡಿಗೆ ಇಳಿಸಿದ ಕೋಣೆಗಳನ್ನೇ ಹುಡುಕಿಕೊಂಡು ಹೋಗಿ ಮಲಗಿದವಳು. ಆದರೂ ಆವತ್ತು ತಿರುಗಿ ನೋಡಲಿಲ್ಲ.

ನಮ್ಮ ಪಕ್ಕದ ಮನೆಯ ಗೇಟಿನಲ್ಲಿ ಉಲ್ಕಾನ್ ಎಜೆ ಶಾಲು ಹೊದ್ದು ನಿಂತಿದ್ದಳು. ಎಜೆ ಎಂದರೆ ಅಕ್ಕ. ಅರವತ್ತರ ಹತ್ತಿರದ ವಿಧವೆ, ಉಣ್ಣೆಯ ಹಾಸುಗಂಬಳಿ ಮಾಡುವುದರಲ್ಲಿ ಇಡೀ ಬೀದಿಗೇ ಹೆಸರಾದವಳು.

"ಕೇಳಿಸ್ತಾ?" ಪಿಸುದನಿ.

"ಏನು?"

"ಸುಳ್ಳು ಹೇಳಬೇಡ."

"...ಕೇಳಿಸ್ತು."

ಎಜೆ ಎದೆ ಮೇಲೆ ಕೈ ಇಟ್ಟುಕೊಂಡಳು. "ಸದ್ಯ. ಹಾಗಾದ್ರೆ ಇದು ಮಾತ್ರೆ ಕಡಿಮೆ ಮಾಡಿದ್ದಕ್ಕಲ್ಲ."

ಮಾತ್ರೆಯ ಕತೆ ಇಷ್ಟು. ಗಂಡ ಸಬೀರ್‌ಕುಲ್ ಸತ್ತಾಗಿನಿಂದ ಎಜೆ ನಿದ್ದೆ ಮಾತ್ರೆಯ ಮೇಲೇ ಬದುಕಿದ್ದಳು. ಹತ್ತೊಂಬತ್ತು ವರ್ಷ. ಅವನು ಇಂಥದೇ ಜನವರಿಯ ರಾತ್ರಿ ಎರಡು ಬಕೆಟ್ ಹಿಡಿದು ನೀರಿಗೆ ಹೋದವನು, ಬೆಳಿಗ್ಗೆ ಕೊಳಾಯಿಯ ಹತ್ತಿರ ಹೆಪ್ಪುಗಟ್ಟಿ ಬಿದ್ದಿದ್ದ. ಬಕೆಟ್‌ಗಳು ಸಿಗಲೇ ಇಲ್ಲ. ಎದುರು ಮನೆಯ ಜೂರಾಕಾನ್, ಎಜೆಯ ಸ್ವಂತ ಅಕ್ಕ, ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ದಿನಾ ರಾತ್ರಿ ಒಂಬತ್ತಕ್ಕೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರು ಹಿಡಿದು ಬಂದು, ತಂಗಿ ನುಂಗುವವರೆಗೂ ನಿಂತಿರುತ್ತಿದ್ದಳು. ಇಂಥ ಅಕ್ಕ ಯಾರಿಗುಂಟು ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ನಾನೂ ಹೊಗಳಿದ್ದೆ.

ಎರಡು ವರ್ಷದಿಂದ ಎಜೆಗೆ ಕಂಬಳಿಯ ನಮೂನೆಗಳೇ ಮರೆತುಹೋಗತೊಡಗಿದ್ದವು. ಟಗರಿನ ಕೊಂಬಿನ ನಮೂನೆ ಕತ್ತರಿಸಲು ಹೋಗಿ ಉಣ್ಣೆ ಹಾಳು ಮಾಡಿ, ಚೂರಿ ಹಿಡಿದು ಅಳುತ್ತಾ ಕೂತಿರುತ್ತಿದ್ದಳು. ನಾನೇ ಮೀರಿಮ್ ಎನ್ನುವ ಚಿಕ್ಕ ಪ್ರಾಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮರೆವು ಆ ಮಾತ್ರೆಯಿಂದಲೇ ಎಂದರು ಡಾಕ್ಟರು.

"ನಾಳೇನೇ ಬಿಟ್ಟುಬಿಡ್ತೀನಿ," ಅಂದಳು ಎಜೆ.

"ಬಿಟ್ಟೀರಿ, ಜೋಕೆ! ಒಮ್ಮೆಗೇ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ. ಚೂರು ಚೂರೇ ಇಳಿಸೋಣ. ತಡ್ಕೊಳ್ಳೋಕಾಗದಿದ್ರೆ ಆ ಮೆಟ್ಟಿಲಲ್ಲೇ ನಿಂತು ನನ್ನ ಹತ್ತಿರ ಬನ್ನಿ. ಮೈ ನಡುಗುತ್ತೆ, ಸದ್ದು ಜೋರಾಗಿ ಕೇಳುತ್ತೆ. ಹೆದರಬೇಡಿ."

ಎಜೆ ಉಣ್ಣೆ ಕತ್ತರಿಸುವ ಚೂರಿಯನ್ನೇ ಮಸೆದಳು. ಮೂರು ವಾರಕ್ಕೊಮ್ಮೆ ಮಾತ್ರೆಯ ಅಂಚಿನಿಂದ ಉಗುರಂಚಿನಷ್ಟು ಕಡಿಮೆ. ಅವಳ ಕೈ ನಡುಗಿದ ದಿನ ನಾನು ಕತ್ತರಿಸಿದೆ. ವಸಂತದಲ್ಲಿ ಶುರುಮಾಡಿದ್ದು, ಜನವರಿಗೆ ಅರ್ಧಕ್ಕೆ ಬಂದಿತ್ತು. ಬೆವರು, ಎದೆಬಡಿತ, ನೊಣ ಹಾರಿದರೂ ಬೆಚ್ಚಿಬೀಳುವುದು... ಎಲ್ಲ ಆಯಿತು. ಆದರೆ ಒಂದು ಮಧ್ಯಾಹ್ನ ಟಗರಿನ ಕೊಂಬು ತಾನಾಗಿಯೇ ಅವಳ ಕೈಗೆ ಬಂತು. ಹಾಡಿಕೊಂಡು ಕತ್ತರಿಸಿದಳು.

ಅಕ್ಕ ಮಾತ್ರ ಕುದಿಯುತ್ತಿದ್ದಳು. "ನೆಟ್ಟಗೆ ಮೂಗು ಒರೆಸಿಕೊಳ್ಳೋಕೆ ಬರದ ಹುಡುಗಿ ಡಾಕ್ಟ್ರಂತೆ! ಪೂರ್ತಿ ಮಾತ್ರೆ ನುಂಗು, ತಂಗಿ. ನಿದ್ದೆ ಇಲ್ಲದೆ ಹುಚ್ಚು ಹಿಡಿಯುತ್ತೆ." ನನ್ನ ಕಡೆ ತಿರುಗಿ, "ಊರೂರು ಅಲೆಯೋ ನಿನಗೆ ನಿದ್ದೆ ಬೆಲೆ ಏನು ಗೊತ್ತು?"

ಕೊಳಾಯಿಯ ಸದ್ದು ಕೇಳಿದ ಆ ರಾತ್ರಿ ನಾನು ಎಜೆಯ ಮನೆಯಲ್ಲೇ ಮಲಗಿದೆ. ಒಂದು ಗಂಟೆಯ ಸುಮಾರಿಗೆ...

ಕರ್ರಕ್. ಕರ್ರಕ್. ಹಿಮದ ಮೇಲೆ ಭಾರದ ಹೆಜ್ಜೆ. ನಡುವೆ ನಡುವೆ ಬಕೆಟಿನ ಹಿಡಿಕೆಯ ಚಿಂವ್... ಚಿಂವ್. ಹೆಜ್ಜೆ ಮೆಟ್ಟಿಲು ಹತ್ತಿತು. ಠಕ್, ಠಕ್. ಎರಡು ಬಕೆಟ್ ಕೆಳಗಿಟ್ಟ ಸದ್ದು. ಆಮೇಲೆ ಬಾಗಿಲ ಮೇಲೆ ಬೆರಳ ಗೆಣ್ಣು.

ಟಕ್... ಟಕ್ ಟಕ್.

"ಅವನೇ," ಅಂದಳು ಎಜೆ. "ಮೊದಲು ಒಂದು, ಆಮೇಲೆ ಎರಡು. ಯಾವಾಗಲೂ ಹಾಗೇ ತಟ್ತಿದ್ದ."

"ತೆಗಿಯೋದಾ?"

"ಬೇಡ... ತಡಿ. ನನಗೇನೋ ನೆನಪಾಗ್ತಿದೆ. ಈ ಸದ್ದು ನಾನು ಹಿಂದೆ ಕೇಳಿದೀನಿ. ನಿದ್ದೆ ಒಳಗಿಂದ. ಏಳೋಕಾಗ್ಲಿಲ್ಲ." ನನ್ನ ಮಣಿಕಟ್ಟು ಹಿಡಿದಳು. "ಆವತ್ತು ಯಾಕೆ ಏಳೋಕಾಗ್ಲಿಲ್ಲ ನನಗೆ?"

ಮಾರನೆಯ ದಿನ ಗುರುವಾರ. ನಮ್ಮ ಕಡೆ ಗುರುವಾರ ಪ್ರತಿ ಮನೆಯಲ್ಲೂ ಎಣ್ಣೆ ಕಾಯಿಸಿ ಸತ್ತವರ ಹೆಸರಿನಲ್ಲಿ ರೊಟ್ಟಿ ಕರಿಯುತ್ತಾರೆ. ಸತ್ತವರು ಹೊಸ್ತಿಲವರೆಗೆ ಬಂದು ಆ ವಾಸನೆಯನ್ನೇ ಉಂಡು ತೃಪ್ತರಾಗಿ ಹೋಗುತ್ತಾರೆ. ಸಬೀರ್‌ಕುಲ್‌ನ ಪಾಲಿನದನ್ನು ಹತ್ತೊಂಬತ್ತು ವರ್ಷವೂ ಜೂರಾಕಾನೇ ಕರಿದಳು. "ನೀನು ಮಲಗು, ನಿನ್ನ ಗಂಡನ ಪಾಲು ನಾನು ನೋಡ್ಕೋತೀನಿ" ಅನ್ನುತ್ತಿದ್ದಳು. ಅದಕ್ಕೂ ಹೊಗಳಿದ್ದೆವು.

ಆವತ್ತು ಎಜೆ ಹೇಳದೆ ಕೇಳದೆ ಅಕ್ಕನ ಅಡುಗೆಮನೆಗೆ ನುಗ್ಗಿದಳು. ಹಿಂದೆಯೇ ನಾನು. ಒಳಗೆ ಕಣ್ಣು ಉರಿಯುವಷ್ಟು ಹೊಗೆ. ಬಾಗಿಲ ಸಂದಿಗೆ ತುರುಕಿದ್ದ ಉಣ್ಣೆಯ ಪಟ್ಟಿ ನಾವು ತಳ್ಳಿದ್ದಕ್ಕೆ ಕೆಳಗೆ ಬಿದ್ದಿತ್ತು. ಕಿಟಕಿಗೂ ಅಂಥದೇ ಪಟ್ಟಿ.

"ಬಾಗಿಲು ಯಾಕೆ ಮುಚ್ಚಿ ಕರೀತಿದೀಯ?"

"ಚಳಿ ಕಣೆ."

"ಜುಲೈನಲ್ಲೂ ನಿನ್ನ ಮನೆಯಿಂದ ವಾಸನೆ ಬಂದದ್ದಿಲ್ಲ, ಅಕ್ಕಾ. ಈಗ ಹೊಳೀತು."

ಜಾಲರಿ ಸೌಟಿನಿಂದ ಎಣ್ಣೆ ಒಲೆಗೆ ತೊಟ್ಟಿಕ್ಕಿತು. ಚೊಯ್... ಚೊಯ್.

"ಅವನಿಗೆ ಉಣ್ಣೋಕೆ ಬಿಟ್ಟಿಲ್ಲ ನೀನು. ಹೊಸ್ತಿಲಿಗೆ ಬಂದಾನು ಅಂತ ಹೆದರಿಕೆ ನಿನಗೆ. ಯಾಕೆ ಹೆದರಿಕೆ?" ಎಜೆಯ ದನಿ ಏರಲಿಲ್ಲ, ಇಳಿಯಿತು. "ಮೊದಲನೇ ಮಾತ್ರೆ ನೀನು ಕೊಟ್ಟಿದ್ದು ಅವನು ಸತ್ತ ಮೇಲಲ್ಲ. ಆವತ್ತು ಸಂಜೇನೇ."

ಜೂರಾಕಾನ್ ಸೌಟು ಕೆಳಗಿಡಲಿಲ್ಲ. ಅದನ್ನೇ ನೋಡುತ್ತಾ ಮಾತಾಡಿದಳು.

"ಕುಡಿದಿದ್ದ. ಜಗಳ ಆಡಿದ. ನೀನು ಅಳ್ತಿದ್ದೆ, ಮಾತ್ರೆ ಕೊಟ್ಟು ಮಲಗಿಸ್ದೆ... ಅವನು ನೀರು ತರ್ತೀನಿ ಅಂತ ಹೋದ. ಸ್ವಲ್ಪ ಹೊತ್ತು ಹೊರಗಿದ್ದು ಬುದ್ಧಿ ಕಲೀಲಿ ಅಂತ ಒಳಗಿಂದ ಚಿಲಕ ಹಾಕ್ದೆ."

"ಬಾಗಿಲು ತಟ್ಟಲಿಲ್ವಾ ಅವನು?"

"ತಟ್ಟಿದ."

"ಎಷ್ಟು ಹೊತ್ತು?"

ಜೂರಾಕಾನ್ ಎಣ್ಣೆಯಲ್ಲಿದ್ದ ರೊಟ್ಟಿ ಮಗುಚಿದಳು.

"ಎಷ್ಟು ಹೊತ್ತು, ಅಕ್ಕಾ?"

"ತುಂಬಾ ಹೊತ್ತು. ಆಮೇಲೆ ತೆಗಿಯೋಕೆ ಹೋದೆ ಕಣೆ. ಮೆಟ್ಟಿಲ ಮೇಲೆ ಕೂತಿದ್ದ, ಮಲಗಿದ ಹಾಗೆ... ನಾನೇ ಹಿಮದ ಮೇಲೆ ಎಳೆದು ಕೊಳಾಯಿ ಹತ್ತಿರ ಬಿಟ್ಟೆ. ಸತ್ತ ನಾಲ್ಕನೇ ರಾತ್ರಿಯಿಂದ ಬರ್ತಿದಾನೆ. ನಿನಗೆ ಕೇಳಿಸಬಾರದು ಅಂತ... ನಿನ್ನ ಒಳ್ಳೇದಕ್ಕೇ..."

"ಹತ್ತೊಂಬತ್ತು ವರ್ಷ," ಅಂದಳು ಎಜೆ. "ದಿನಾ ಒಂಬತ್ತಕ್ಕೆ ಬಂದು ಮಾತ್ರೆ ಕೊಟ್ಟು ನನಗೂ ಅದೇ ಚಿಲಕ ಹಾಕಿ ಹೋಗ್ತಿದ್ದೆ. ನಾನು ನಿನ್ನ ಕೈಗೆ ಮುತ್ತು ಕೊಡ್ತಿದ್ದೆ."

ಬಯ್ಯಲಿಲ್ಲ. ಹೊಡೆಯಲಿಲ್ಲ. ಕರಿದಿದ್ದ ರೊಟ್ಟಿಯನ್ನೂ ಮುಟ್ಟದೆ ಹೊರಗೆ ನಡೆದಳು.

ಅದೇ ರಾತ್ರಿ ಒಂಬತ್ತಕ್ಕೆ ಜೂರಾಕಾನ್ ಬಂದಳು. ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದಳು. "ತಂಗಿ, ಇವತ್ತೊಂದಿನ ಪೂರ್ತಿ ನುಂಗು. ಕೈಮುಗೀತೀನಿ. ಇವತ್ತು ಎಚ್ಚರ ಇರಬೇಡ."

ಗಾಜಿನಾಚೆ ಅಂಗೈ ಮೇಲೆ ಬಿಳಿ ಮಾತ್ರೆ. ಎಜೆ ಅದನ್ನು ನೋಡಿದಳು... ತುಂಬಾ ಹೊತ್ತು ನೋಡಿದಳು. ಮೈ ಅದನ್ನು ಬೇಡುತ್ತಿತ್ತು, ಬೆರಳು ಶಾಲಿನಂಚಿನಲ್ಲಿ ಕುಣಿಯುತ್ತಿದ್ದವು. ಕೊನೆಗೆ ಎಜೆ ಪರದೆ ಎಳೆದಳು. ಡಾಕ್ಟರು ಹೇಳಿದ ಅರ್ಧ ಚೂರನ್ನು ನಾಲಿಗೆಗೆ ಹಾಕಿಕೊಂಡಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆಮೇಲೆ ಎಣ್ಣೆ ಕಾಯಿಸಿದಳು. ಆ ಚಳಿಯಲ್ಲಿ ಬಾಗಿಲನ್ನು ಗೋಡೆಗೆ ತಾಗುವ ಹಾಗೆ ತೆರೆದಿಟ್ಟು ರೊಟ್ಟಿ ಕರಿದಳು. ಇಬ್ಬರೂ ಒಲೆಗೆ ಅಂಟಿಕೊಂಡು ಕೂತೆವು.

ಕೀಂ...ಯ್ಕ್. ಟಣಟಣ. ಗುಳುಗುಳು. ಕರ್ರಕ್. ಕರ್ರಕ್.

ಠಕ್.

ಒಂದೇ ಸಲ. ಬಾಗಿಲಲ್ಲಿ ಯಾರೂ ಇರಲಿಲ್ಲ. ತಟ್ಟುವ ಸದ್ದೂ ಬರಲಿಲ್ಲ, ತೆರೆದ ಬಾಗಿಲನ್ನು ಯಾಕೆ ತಟ್ಟುತ್ತಾನೆ... ಎಣ್ಣೆಯ ಹೊಗೆ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು ಹೊರಟುಹೋಯಿತು. ಆಮೇಲೆ ಹೆಜ್ಜೆ. ಅದು ನದಿಯ ಕಡೆಗೆ ಇಳಿಯಲಿಲ್ಲ. ಬೀದಿ ದಾಟಿತು.

ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದು ತಗಡಿನ ಬಕೆಟ್, ಕಂಠಮಟ್ಟ ನೀರು. ಹಿಡಿಕೆ ಕಳಚದಂತೆ ಎಜೆಯೇ ಹಿಂದೆ ಬಿಗಿದಿದ್ದ ತಂತಿ ಹಾಗೇ ಇತ್ತು. ರಾತ್ರಿಯೆಲ್ಲ ಹೊರಗಿದ್ದ ನೀರಿನ ಮೇಲೆ ಮಂಜುಗಡ್ಡೆಯ ಪೊರೆಯೂ ಇರಲಿಲ್ಲ. ಎಜೆ ಅದರಲ್ಲೇ ಚಹಾ ಕಾಯಿಸಿದಳು. ನಾನೂ ಕುಡಿದೆ. ಸ್ವಲ್ಪ ಕಬ್ಬಿಣದ ರುಚಿ.

ಮುಂದಿನ ಶರತ್ಕಾಲಕ್ಕೆ ಕೊನೆಯ ಚೂರೂ ಮುಗಿಯಿತು. ಈಗ ಎಜೆ ತಾನಾಗಿ ಮಲಗುತ್ತಾಳೆ. ಗೊರಕೆ ನನ್ನ ಮನೆಗೂ ಕೇಳುತ್ತದೆ. ಅಕ್ಕನ ಜೊತೆ ಮಾತಿಲ್ಲ.

ಜೂರಾಕಾನ್ ಕಿಟಕಿಗಳಿಗೆಲ್ಲ ಎರಡು ಪದರ ಕಂಬಳಿ ಜಡಿಸಿಕೊಂಡಿದ್ದಾಳೆ. ಮೊನ್ನೆ ಗೋಡೆಯ ಮರೆಯಲ್ಲಿ ನನ್ನನ್ನು ತಡೆದು ಪಿಸುಗುಟ್ಟಿದಳು. "ಅವಳ ಹತ್ತಿರ ಮಾತ್ರೆ ಏನಾದ್ರೂ ಉಳಿದಿದೆಯಾ?"

ನೀವು ನಂಬುತ್ತೀರೋ ಬಿಡುತ್ತೀರೋ. ಸಬೀರ್‌ಕುಲ್ ಒಯ್ದದ್ದು ಎರಡು ಬಕೆಟ್. ಹಿಮ ಬಿದ್ದ ಪ್ರತಿ ಬೆಳಿಗ್ಗೆ ಜೂರಾಕಾನ್‌ಳ ಮೆಟ್ಟಿಲ ಮೇಲೆ, ಬಕೆಟಿನ ತಳದಷ್ಟೇ ಅಗಲದ ಒಂದು ಉಂಗುರ ಮೂಡಿರುತ್ತದೆ. ನಾನು ಕೈಗವಸು ತೆಗೆದು ಮುಟ್ಟಿ ನೋಡಿದ್ದೇನೆ. ಸುತ್ತ ಹಿಮ ಕಲ್ಲಿನಂತಿತ್ತು. ಉಂಗುರ ಮಾತ್ರ ಒದ್ದೆ.