ಹಳೆಯ ಧ್ವನಿಯನ್ನು ವಾಪಸ್ ಕೊಡಿಸುವ ಬಗ್ಗೆ

ನಾನು, ಬೀದಿಯವರೆಲ್ಲ ಹೊಲಿಗೆ ಅಕ್ಕ ಎಂದು ಕರೆಯುವವಳು, ವಯಸ್ಸು 44 ವರ್ಷ, ಕಸುಬು ಬಟ್ಟೆ ಹೊಲಿಯುವುದು, ವಾಸ ಹಳೇ ಮಾರುಕಟ್ಟೆಯ ಹಿಂದಿನ ಎರಡನೇ ಅಡ್ಡರಸ್ತೆಯಲ್ಲಿರುವ ಅಣ್ಣನ ಮನೆಯ ಮುಂದಿನ ಕೋಣೆ, ಈ ದಿನ ಬೆಳಿಗ್ಗೆ 11-15ಕ್ಕೆ ಠಾಣೆಗೆ ಖುದ್ದಾಗಿ ಬಂದು ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ:

ನನಗೆ ಮಾತು ಬರುವುದಿಲ್ಲ. ಹುಟ್ಟುಮೂಕಿಯಲ್ಲ. ಆರು ವರ್ಷಗಳ ಹಿಂದೆ ಗಂಟಲಿನ ಗಡ್ಡೆಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಒಂದು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತೇನೆ, ಅದು ಓದಿ ಹೇಳುತ್ತದೆ. ಅದರ ಧ್ವನಿ ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗಿತ್ತು. ಮೊದಲ ದಿನ ಕೇಳಿ ಅತ್ತಿದ್ದೆ. ಆಮೇಲೆ ಅದೇ ನನ್ನ ಧ್ವನಿಯಾಯಿತು. ಅಳತೆ ತೆಗೆಯುವಾಗ ಕೈಯಲ್ಲಿ ಟೇಪು ಇರುವುದರಿಂದ ಒಂದೊಂದು ಕೀಗೆ ಒಂದೊಂದು ಮಾತು ಹಾಕಿಟ್ಟಿದ್ದೆ. ನಾಲ್ಕನೇ ಕೀ ಒತ್ತಿದರೆ, "ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಬಟ್ಟೆ ಬಿಗಿ ಅಂತ ನನ್ನನ್ನೇ ಬೈತೀರ" ಎನ್ನುತ್ತಿತ್ತು. ಗಿರಾಕಿಗಳು ನಕ್ಕು ಹೊಟ್ಟೆ ಸಡಿಲ ಬಿಡುತ್ತಿದ್ದರು.

ಇದೇ ತಿಂಗಳು 6ನೇ ತಾರೀಕು ನಾನು ಲೈನಿಂಗ್ ಬಟ್ಟೆ ತರಲು ಹೋಗಿದ್ದಾಗ, ನನ್ನನ್ನು ಒಂದು ಮಾತೂ ಕೇಳದೆ ಅಣ್ಣ ಲ್ಯಾಪ್‌ಟಾಪಿನ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ. ಬಂದು ಕೇಳಿದ್ದಕ್ಕೆ, "ಹಳೇದಕ್ಕೆ ವೈರಸ್ ಬರತ್ತೆ. ನೋಡು, ನಿಂಗೆ ಎಂಥಾ ಚೆಂದದ ಗಂಟಲು ತಂದಿದೀನಿ" ಎಂದ. ಹೊಸ ಧ್ವನಿ ಇಪ್ಪತ್ತರ ಹುಡುಗಿಯದು. ಆ ಹುಡುಗಿಗೆ ಬೈಯಲು ಬಾರದು. ಒಂದೇ ಅಂಗಿಯ ಹೊಲಿಗೆಯನ್ನು ಮೂರನೇ ಸಲ ಬಿಚ್ಚಿಸಲು ಬಂದವರಿಗೆ ನಿಮ್ಮ ಸಹವಾಸ ಸಾಕು ಎಂದೆ, ಅವರು ಥ್ಯಾಂಕ್ಸ್ ಹೇಳಿ ಹೋದರು. ಕೀಗಳಿಗೆ ಹಾಕಿಟ್ಟಿದ್ದ ಮಾತುಗಳೆಲ್ಲ ಅಳಿಸಿಹೋಗಿದ್ದವು. ಈಗ ಕಿವಿಗೆ ಹಾಯಾಗಿದೆ ಎಂದು ಅತ್ತಿಗೆ ಹೇಳಿದರು. ಇರುವುದು ಅವರ ಮನೆಯಲ್ಲಿ ಎಂದು ಹೊಲಿಗೆ ಮಿಷನ್ ತುಳಿಯಲು ಕೂತೆ.

12ನೇ ತಾರೀಕು ಮಧ್ಯಾಹ್ನ 3 ಗಂಟೆಗೆ ಗುಂಡಿ ಅಂಗಡಿಯವರು ದಾರ, ಜಿಪ್ ಕೊಡಲು ಬಂದರು. ಅವರಿಗೆ 51 ವರ್ಷ, ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬಳು ಮಗಳಿದ್ದಾಳೆ. ಹೊಸ ಧ್ವನಿ ಕೇಳಿ, ಒಳಗೆ ಯಾರಿದ್ದಾರೆಂದು ಇಣುಕಿದರು. ನಾನೇ ಎಂದೆ. "ನಿಮ್ಮ ಮಾತಲ್ಲಿ ಇಷ್ಟೊಂದು ಬೆಣ್ಣೆ ಯಾವಾಗ ಬಂತು? ನಂಗೆ ಆ ಡಬ್ಬಿನೇ ಇಷ್ಟ" ಎಂದರು. ಆಮೇಲೆ ಒಂದೂವರೆ ವರ್ಷದಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದರು, ನಾವಿಬ್ಬರೂ ಮದುವೆಯಾಗೋಣವೇ ಎಂದು. ನಾನು ಆಗಲಿ ಎಂದೆ. ಇನ್ನೂ ಕೆಲವು ಮಾತಾಡಿದೆ. ಮನೆಯವರೆಲ್ಲ ಹೊರಗೆ ಹೋಗಿದ್ದರು. ಆಗಲಿ ಎಂಬುದನ್ನು ಬೇರೆ ಯಾರದೋ ಗಂಟಲಲ್ಲಿ ಹೇಳಬೇಕಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

14ನೇ ತಾರೀಕು ಊಟಕ್ಕೆ ಕೂತಾಗ ಅತ್ತಿಗೆ, "ನೀನು ಗುಂಡಿ ಅಂಗಡಿ ಸೇರ್ಕೊಂಡ್ರೆ ಈ ಮನೆ ಬಟ್ಟೆ ಯಾರಮ್ಮ ಹೊಲೀತಾರೆ?" ಎಂದರು. ಗೋಡೆಗೂ ಕಿವಿ ಇರುತ್ತದೆ, ಯಾರೋ ಊಹಿಸಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅಣ್ಣ, "ಅವನ ಬೆನ್ನಿಗೆ ಎಣ್ಣೆ ಬೇರೆ ಹಚ್ಚಬೇಕಂತೆ" ಎಂದು ನಕ್ಕ. ಗುಂಡಿ ಅಂಗಡಿಯವರಿಗೆ ಬೆನ್ನುನೋವಿದೆ. ಎಣ್ಣೆ ಹಚ್ಚುತ್ತೇನೆ ಎಂದು ನಾನು ಹೇಳಿದ್ದೂ ನಿಜ. ಅದನ್ನು ಯಾರೂ ಊಹಿಸಲಾರರು. ತಟ್ಟೆ ಬಿಟ್ಟು ಎದ್ದೆ.

15ನೇ ತಾರೀಕು ಬೆಳಿಗ್ಗೆ 10 ಗಂಟೆಗೆ ಲ್ಯಾಪ್‌ಟಾಪನ್ನು ಕಂಪ್ಯೂಟರ್ ರಿಪೇರಿಯವರಲ್ಲಿಗೆ ಒಯ್ದೆ. ಅವರು ಬಿಚ್ಚಿ ನೋಡಿ, ಹೇಳಲೋ ಬೇಡವೋ ಎಂಬಂತೆ ತಲೆ ಕೆರೆದುಕೊಂಡು, "ಅಕ್ಕಾ, ಹೊಸ ಸಿಸ್ಟಮ್ ನಿಮ್ಮಣ್ಣನ ಖಾತೇಲಿ ಓಪನ್ ಆಗಿದೆ. ನೀವು ಟೈಪ್ ಮಾಡಿದ್ದೆಲ್ಲ ಅವರ ಫೋನಿಗೆ ಹೋಗ್ತಾ ಇದೆ" ಎಂದರು. ಗಿರಾಕಿಗಳೊಂದಿಗೆ ಆಡಿದ್ದು, ಡಾಕ್ಟರಿಗೆ ಹೇಳಿದ್ದು, ಎಲ್ಲ. ನಡುಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು. ಹಳೆಯ ಸಿಸ್ಟಮ್ಮನ್ನೇ ಹಾಕಿಕೊಡಿ ಎಂದೆ. ಹಳೆಯದಕ್ಕೆ ಈಗ ಕಂಪನಿಯವರ ರಕ್ಷಣೆ ಇಲ್ಲ, ಕಳ್ಳರು ನುಗ್ಗಬಹುದು ಎಂದು ಅವರು ಎಚ್ಚರಿಸಿದರು. ಕಳ್ಳ ಮನೆಯೊಳಗೇ ಇದ್ದಾನೆ ಎಂದು ಟೈಪ್ ಮಾಡಿದೆ. ಆ ಹುಡುಗಿ ಅದನ್ನೂ ನಗುನಗುತ್ತಲೇ ಹೇಳಿದಳು.

ಮಧ್ಯಾಹ್ನ 1 ಗಂಟೆಯ ಹೊತ್ತಿಗೆ ಹಳೆಯ ಸಿಸ್ಟಮ್ ಕೂತಿತು. ಏನಾದರೂ ಟೈಪ್ ಮಾಡಿ ನೋಡಿ ಎಂದರು. ಥೂ ಎಂದು ಟೈಪ್ ಮಾಡಿದೆ. ಥೂ ಎಂದರೆ ಥೂ ಎಂದೇ ಕೇಳಿಸಿತು. ನನಗೆ ಅಳು ಬಂತು, ರಿಪೇರಿಯವರು ಎದ್ದು ಫ್ಯಾನ್ ಹಾಕಿದರು.

1-30ಕ್ಕೆ ಮನೆಗೆ ಬಂದು, ನನ್ನ ಮಾತನ್ನು ಕದ್ದು ಓದಿದ್ದು ಯಾಕೆ ಎಂದು ಅಣ್ಣನನ್ನು ಕೇಳಿದೆ. "ಮನೆ ಹೆಣ್ಮಗಳು ಏನು ಮಾತಾಡ್ತಾಳೆ ಅಂತ ಹಿರಿಯನಾದವನಿಗೆ ಗೊತ್ತಿರ್ಬಾರ್ದಾ? ಎಲ್ಲ ನಿನ್ನ ಒಳ್ಳೇದಕ್ಕೇ" ಎಂದ. ನಾನು ಉತ್ತರ ಟೈಪ್ ಮಾಡುತ್ತಿದ್ದೆ. ಇನ್ನೂ ಅರ್ಧ ಮಾತಿನಲ್ಲಿದ್ದಾಗಲೇ ಅವನು ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿ, ಕಿತ್ತುಕೊಂಡು, ತನ್ನ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ. ನನ್ನ ಎಡಗೈ ತೋರುಬೆರಳು ನಡುವೆ ಸಿಕ್ಕಿ ಉಗುರು ಕಪ್ಪಾಗಿದೆ. ಇಲ್ಲಿ ತೋರಿಸಿದ್ದೇನೆ.

16ನೇ ತಾರೀಕು ಗುಂಡಿ ಅಂಗಡಿಗೆ ಹೋದೆ. ಅಣ್ಣ 13ಕ್ಕೇ ಅಲ್ಲಿಗೆ ಬಂದು, ನಾಲ್ಕೈದು ಗಿರಾಕಿಗಳ ಮುಂದೆ ನನ್ನ ಮಾತುಗಳನ್ನು ಫೋನಿನಿಂದ ಗಟ್ಟಿಯಾಗಿ ಓದಿದನೆಂದು, ಎಣ್ಣೆಯ ವಿಷಯ ಬಂದಾಗ ಎಲ್ಲರೂ ನಕ್ಕರೆಂದು ಅವರು ಹೇಳಿದರು. "ನಾಳೆ ದಿನ ಮಗಳ ಮದುವೆ ಮಾಡ್ಬೇಕು. ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕು. ನನ್ನ ಕೈಲಾಗಲ್ಲ, ತಪ್ಪು ತಿಳ್ಕೋಬೇಡಿ" ಎಂದರು. ನನ್ನ ಮುಖ ನೋಡಲಿಲ್ಲ. ಅವರ ಹೇಡಿತನಕ್ಕೆ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಲ್ಯಾಪ್‌ಟಾಪ್ ಬೀರುವಿನಲ್ಲಿತ್ತು. ಕೇಳದಿದ್ದರೂ ಎರಡು ರೀಲು ಬಿಳಿ ದಾರ ಕಟ್ಟಿಕೊಟ್ಟರು. ತೆಗೆದುಕೊಂಡು ಬಂದೆ.

ಈ ದಿನ ಠಾಣೆಗೆ ಬಂದಾಗ ಅಣ್ಣ ಹಿಂದೆಯೇ ಬಂದು, "ಅವಳಿಗೆ ಮಾತು ಬರಲ್ಲ ಸಾರ್, ಅವಳ ಪರವಾಗಿ ನಾನೇ ಹೇಳ್ತೀನಿ" ಎಂದ. ಮುಖ್ಯ ಪೇದೆಯವರು ಅವನಿಗೆ ಕುರ್ಚಿ ಕೊಟ್ಟರು. ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ನಿಂತೇ ಇದನ್ನು ಬರೆಯುತ್ತಿದ್ದೇನೆ. ಒಡಹುಟ್ಟಿದವರ ಜಗಳ, ರಾಜಿಯಾಗಿ ಎಂದು ಅವರು ಎರಡು ಸಲ ಹೇಳಿದ್ದಾರೆ. ನನಗೆ ರಾಜಿ ಬೇಡ. ಲ್ಯಾಪ್‌ಟಾಪನ್ನು ಹಳೆಯ ಸಿಸ್ಟಮ್ ಇರುವ ಹಾಗೆಯೇ, ಯಾರೂ ಮುಟ್ಟದಂತೆ, ಬೀರುವಿನಿಂದ ತೆಗೆಸಿ ನನ್ನ ಕೈಗೆ ಕೊಡಿಸಬೇಕು.

ದೂರಿನ ಒಂದು ನಕಲನ್ನು ಎದುರು ಪಕ್ಷದವರಿಗೆ ಕೊಡಬೇಕಾಗುತ್ತದೆ, ಅದು ನಿಯಮ ಎಂದು ಮುಖ್ಯ ಪೇದೆಯವರು ಈಗ ಹೇಳಿದರು. ಅಂದರೆ ಇದನ್ನೂ ಅಣ್ಣ ಓದುತ್ತಾನೆ. ಓದಲಿ. ಈ ಸಲ ಅವನು ಓದುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಣ್ಣಾ, ನಿನಗೆ ಇಷ್ಟವಾದ ಯಾವ ಅಂಗಡಿಗೆ ಬೇಕಾದರೂ ಹೋಗಿ ಗಟ್ಟಿಯಾಗಿ ಓದು. ಒಂದಕ್ಷರವೂ ಬಿಡಬೇಡ.

ಇಲ್ಲಿ ಬರೆದಿರುವುದೆಲ್ಲ ನಡೆದದ್ದು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ನನ್ನ ಪರವಾಗಿ ಹೇಳಿದ್ದೂ ಅಲ್ಲ.

ಸ್ಥಳ: ಪೊಲೀಸ್ ಠಾಣೆ
ತಾರೀಕು: 17, ಮಧ್ಯಾಹ್ನ 12-40
ಸಹಿ: (ಹೊಲಿಗೆ ಅಕ್ಕ)